ಒಂದೂ ಮುಕ್ಕಾಲು ಗಂಟೆಯ ಹಾಲ್ಟ್

ಕೊಪ್ಪ
22 ಸೆಪ್ಟೆಂಬರ್ 2004

ಪ್ರೀತಿಯ ಗಂಗಾ,

ಅಣ್ಣ ಕಾಗದ ಬರೆದಿದ್ದಾನೆ ಅಂತ ಗಾಬರಿ ಆಗಬೇಡ. ಮನೆಯಲ್ಲಿ ಎಲ್ಲರೂ ಆರಾಮ. ಫೋನು ಇರುವುದು ನಡುಮನೆಯಲ್ಲಿ, ಮಾತಾಡಿದ್ದೆಲ್ಲ ಮಕ್ಕಳಿಗೆ ಕೇಳುತ್ತದೆ. ನಿನ್ನ ಆಸ್ಪತ್ರೆಗೆ ಮಾಡಿದರೆ ನಿಮ್ಮ ವಾರ್ಡಿಗೆಲ್ಲ ಕೇಳುತ್ತದೆ. ಅದಕ್ಕೇ ನಮ್ಮ ನಿತೀಶನ ಶಾಲೆಯ ನೋಟ್‌ಬುಕ್ಕಿಂದ ಎರಡು ಹಾಳೆ ಹರಿದುಕೊಂಡು ಕೂತಿದ್ದೇನೆ. ಹದಿನಾಲ್ಕು ವರ್ಷ ಸ್ಟೇರಿಂಗ್ ಹಿಡಿದ ಕೈಗೆ ಪೆನ್ನು ಹಿಡಿಯುವುದೇ ಕಷ್ಟ ನೋಡು.

ಸೋಮವಾರ ಕೊಪ್ಪ ಸ್ಟ್ಯಾಂಡಿನಲ್ಲಿ ಬಸ್ಸಿನಿಂದ ಇಳಿಯುವಾಗ ಸ್ವಲ್ಪ ತಲೆ ಸುತ್ತಿತು. ಬಿದ್ದೆ ಅಂತೇನಲ್ಲ, ಬಾಗಿಲು ಹಿಡಿದು ಕೂತೆ ಅಷ್ಟೆ. ನಮ್ಮ ಕಂಡಕ್ಟರ್ ಗುರುಕಿರಣ ಹಟ ಮಾಡಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದ. ಬಿ.ಪಿ. ನೂರಾ ಎಪ್ಪತ್ತು, ಕೆಳಗಿನದು ನೂರಾ ಹತ್ತು ಅಂದರು. ಮಾತ್ರೆ ಬರೆದು, ಟೆನ್ಶನ್ ಕಡಿಮೆ ಮಾಡಿಕೊಳ್ಳಿ ಅಂದರು. ಅದನ್ನು ಯಾವ ಅಂಗಡಿಯಲ್ಲಿ ಕೊಡುತ್ತಾರೆ ಅಂತ ಕೇಳಿದೆ. ಅವರು ನಗಲಿಲ್ಲ.

ನಮ್ಮ ಓನರ್ ಪುಟ್ಟಪ್ಪನವರು ಒಳ್ಳೆಯ ಮನುಷ್ಯ. ಹದಿನೈದು ದಿನ ರೆಸ್ಟ್ ತಗೋ ಅಂತ ಅವರೇ ಹೇಳಿದರು. ಈಗ ಮನೆಯಲ್ಲೇ ಇದ್ದೇನೆ. ನಿನ್ನ ಅತ್ತಿಗೆ ತುಂಗಮ್ಮನಿಗೆ ಬಿ.ಪಿ. ಲೆಕ್ಕ ಹೇಳಿಲ್ಲ, ಸುಸ್ತು ಅಂತ ಮಾತ್ರ ಹೇಳಿದ್ದೇನೆ. ಮಾತ್ರೆ ಎಷ್ಟು ದಿನ ತಿನ್ನಬೇಕು? ತಲೆ ಸುತ್ತು ನಿಂತ ಮೇಲೆ ಬಿಡಬಹುದಾ? ನೀನು ನರ್ಸ್ ಆಗಿದ್ದಕ್ಕೆ ನನಗೆ ಇಷ್ಟಾದರೂ ಉಪಯೋಗ ಆಗಲಿ.

ನಿನ್ನ ಅಣ್ಣ
ವಾಸಪ್ಪ


ಬೀದರ್
1 ಅಕ್ಟೋಬರ್ 2004

ಅಣ್ಣಾ,

ಮಾತ್ರೆ ಬಿಡಬಾರದು. ಒಂದು ದಿನವೂ ಬಿಡಬಾರದು. ತಲೆ ಸುತ್ತು ನಿಂತರೆ ಮಾತ್ರೆ ಕೆಲಸ ಮಾಡುತ್ತಿದೆ ಅಂತ ಅರ್ಥ, ರೋಗ ಹೋಯಿತು ಅಂತಲ್ಲ. ಇದನ್ನು ದಿನಕ್ಕೆ ಹತ್ತು ಜನಕ್ಕೆ ಹೇಳುತ್ತೇನೆ, ನೀನು ಹನ್ನೊಂದನೆಯವನು.

ಇನ್ನು ನಿನ್ನ ಕಾಗದದ ವಿಷಯ. ದಸರಾ ಎದುರಿಗಿದೆ, ಶೃಂಗೇರಿಗೆ ಹೋಗುವ ನಿನ್ನ ಬಸ್ಸಿನಲ್ಲಿ ಕಾಲಿಡಲು ಜಾಗ ಇರದ ಸಮಯ. ಈಗ ಯಾವ ಓನರ್ ತನ್ನ ಹಳೆಯ ಡ್ರೈವರನ್ನು ಕರೆದು ಹದಿನೈದು ದಿನ ಮಲಗು ಅನ್ನುತ್ತಾನೆ? ನನಗೆ ಮೂವತ್ತೆರಡು ವರ್ಷ ಆಯಿತು, ಭಂಡಿಗಡಿ ಶಾಲೆಯಲ್ಲಿ ಓದುತ್ತಿದ್ದಾಗಿನ ಗಂಗಾ ಅಲ್ಲ. ಏನು ನಡೆಯಿತು ಅಂತ ಬರೆ. ಅತ್ತಿಗೆಗೆ ಬಿ.ಪಿ. ಎಷ್ಟು ಅಂತ ಇವತ್ತೇ ಹೇಳು. ಉಪ್ಪು ಹಾಕುವವರು ಅವರು.

ದಿನಕ್ಕೆ ಎಷ್ಟು ಟೀ ಕುಡಿಯುತ್ತೀ? ಏಳೋ ಎಂಟೋ ಇರಬೇಕು. ಎರಡಕ್ಕೆ ಇಳಿಸು. ಉಪ್ಪಿನಕಾಯಿಯನ್ನು ಮಕ್ಕಳಿಗೆ ಬಿಡು. ಸಿಟ್ಟು ಬರುವ ಮೊದಲು ಮೈಗೆ ಗೊತ್ತಾಗುತ್ತದೆ, ದವಡೆ ಬಿಗಿಯುತ್ತದೆ, ಕೈ ಗಟ್ಟಿ ಹಿಡಿಯುತ್ತದೆ. ಹಾಗಾದ ಕೂಡಲೇ ನಿಧಾನಕ್ಕೆ ಉಸಿರು ಬಿಡು, ಒಳಗೆ ಎಳೆದದ್ದಕ್ಕಿಂತ ಬಿಡುವುದು ಉದ್ದ ಇರಲಿ. ಐದು ಸಲ ಸಾಕು. ನಗಬೇಡ, ಮಾಡಿ ನೋಡು.

ನಾನು ಚೆನ್ನಾಗಿದ್ದೇನೆ. ಇಬ್ಬರು ಸಿಸ್ಟರ್‌ಗಳು ಹೆರಿಗೆ ರಜೆಯಲ್ಲಿದ್ದಾರೆ, ಸ್ವಲ್ಪ ಕೆಲಸ ಹೆಚ್ಚು ಅಷ್ಟೆ.

ಗಂಗಾಲಕ್ಷ್ಮಿ


ಕೊಪ್ಪ
9 ಅಕ್ಟೋಬರ್ 2004

ಗಂಗಾ,

ನಿನ್ನ ಕಾಗದ ಓದಿ ಎರಡು ದಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ಬರೆದೇ ಬಿಡುತ್ತೇನೆ.

ಬಾಳೆಹೊನ್ನೂರು ಕಡೆಯಿಂದ ಬರುವ ಇನ್ನೊಂದು ಬಸ್ಸಿದೆ. ಅದರ ಡ್ರೈವರ್ ಪರಮೇಶ್ವರಪ್ಪ. ಶೆಟ್ಟಿಕೊಪ್ಪದಿಂದ ಎನ್.ಆರ್.ಪುರದವರೆಗೆ ನಮ್ಮಿಬ್ಬರದೂ ಒಂದೇ ದಾರಿ. ಅವನಿಗೂ ನನಗೂ ನಡುವೆ ನಾಲ್ಕು ನಿಮಿಷ. ಯಾರು ಮುಂದೆ ಹೋಗುತ್ತಾರೋ ಜನ ಅವರಿಗೆ. ಎರಡು ವರ್ಷದಿಂದ ಆ ನಾಲ್ಕು ನಿಮಿಷ ನನ್ನ ತಲೆಯೊಳಗೇ ಓಡುತ್ತಿತ್ತು ಮಾರಾಯ್ತಿ. ಊಟ ಮಾಡುವಾಗಲೂ ಗಡಿಯಾರ ನೋಡುತ್ತಿದ್ದೆ.

ಹೋದ ತಿಂಗಳು ಹನ್ನೊಂದನೇ ತಾರೀಕು, ಶನಿವಾರ. ಅರ್ಧ ದಿನದ ಶಾಲೆ ಬಿಟ್ಟು ಮಕ್ಕಳು ಹತ್ತಿದ್ದರು. ಪರಮೇಶ್ವರಪ್ಪ ಮುಂದೆ ಹೋಗುತ್ತಿದ್ದ, ಜಾಗ ಕೊಡಲಿಲ್ಲ. ಶೆಟ್ಟಿಕೊಪ್ಪ ದಾಟಿದ ಮೇಲಿನ ತಿರುವಿನಲ್ಲಿ ನಾನು ನುಗ್ಗಿಸಿದೆ. ಎದುರಿಗೆ ಜೀಪು ಬಂತು. ಬ್ರೇಕ್ ಒತ್ತಿದೆ, ಎಡಗಡೆ ಚಕ್ರ ಚರಂಡಿಗೆ ಇಳಿಯಿತು. ಬಸ್ಸು ವಾಲಿ ನಿಂತಿತು, ಮಗುಚಲಿಲ್ಲ. ಐದನೇ ಕ್ಲಾಸಿನ ನವ್ಯಾ ಅನ್ನುವ ಹುಡುಗಿ ಕಂಬಿಗೆ ಬಡಿದು ಹಣೆ ಒಡೆದುಕೊಂಡಳು. ಮೂರು ಹೊಲಿಗೆ. ಅವಳು ಅಳಲಿಲ್ಲ ಗಂಗಾ. ಕೈಯನ್ನು ಹಣೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

ನಾನು ಮಾಡಿದ್ದೇನು ಗೊತ್ತಾ? ಅವಳ ಹತ್ತಿರ ಹೋಗುವುದು ಬಿಟ್ಟು, ಬಸ್ಸನ್ನು ಅಲ್ಲೇ ಬಿಟ್ಟು, ಸಿಕ್ಕಿದ ಗಾಡಿ ಹತ್ತಿ ಎನ್.ಆರ್.ಪುರ ಸ್ಟ್ಯಾಂಡಿಗೆ ಹೋಗಿ ಪರಮೇಶ್ವರಪ್ಪನ ಕಾಲರ್ ಹಿಡಿದೆ. ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವನು ಗುರುಕಿರಣ.

ಪುಟ್ಟಪ್ಪನವರು ಒಂದು ವಾರ ನೋಡಿದರು. ತಲೆ ಸುತ್ತಿ ಕೂತೆನಲ್ಲ, ಅವತ್ತೇ ಕೀ ತೆಗೆದುಕೊಂಡರು. ಇನ್ನೊಂದು ದೂರು ಬಂದರೆ ಬರುವುದೇ ಬೇಡ ಅಂದಿದ್ದಾರೆ. ಮೊನ್ನೆ ಸೋಮವಾರದಿಂದ ಮತ್ತೆ ಬಸ್ಸು ಹತ್ತಿದ್ದೇನೆ. ಅದಕ್ಕೂ ಮೊದಲು ನವ್ಯಾಳ ಮನೆಗೆ ಹೋಗಿ ಬಂದೆ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದೆ. ಅವಳ ಅಜ್ಜಿ ಅನ್ನಪೂರ್ಣಮ್ಮ ಬೈಯುತ್ತಾರೆ ಅಂದುಕೊಂಡಿದ್ದೆ, ಕೂರಿಸಿ ಕಾಫಿ ಕೊಟ್ಟರು. ಅದನ್ನು ಕುಡಿಯುವಷ್ಟು ಕಷ್ಟ ನನಗೆ ಯಾವುದೂ ಆಗಿಲ್ಲ.

ತುಂಗಮ್ಮನಿಗೂ ಎಲ್ಲ ಹೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತಂತೆ, ನಾನು ಹೇಳಲಿ ಅಂತ ಕಾಯುತ್ತಿದ್ದಳಂತೆ. ಉಸಿರಿನ ಕೆಲಸ ಶುರು ಮಾಡಿದ್ದೇನೆ. ಗುರುಕಿರಣ ನಾನು ಮಂತ್ರ ಹೇಳುತ್ತಿದ್ದೇನೆ ಅಂತ ತಿಳಿದು ಚಪ್ಪಲಿ ಬಿಟ್ಟು ನಿಂತಿದ್ದ.

ವಾಸಪ್ಪ


ಬೀದರ್
20 ಅಕ್ಟೋಬರ್ 2004

ಅಣ್ಣಾ,

ಬರೆದೆಯಲ್ಲ, ಅರ್ಧ ಭಾರ ಅಲ್ಲೇ ಇಳಿಯಿತು ಅಂದುಕೋ. ಆ ಮನೆಗೆ ಹೋಗಿ ಬಂದದ್ದು ನೀನು ತಿನ್ನುವ ಮಾತ್ರೆಗಿಂತ ದೊಡ್ಡದು.

ಒಂದು ಕೇಳುತ್ತೇನೆ. ಎನ್.ಆರ್.ಪುರದಲ್ಲಿ ಮಧ್ಯಾಹ್ನ ಒಂದಕ್ಕೆ ಬಸ್ಸು ನಿಲ್ಲಿಸಿದರೆ ಎರಡೂ ಮುಕ್ಕಾಲಿನವರೆಗೆ, ಒಂದೂ ಮುಕ್ಕಾಲು ಗಂಟೆ ನಿನಗೆ ಹಾಲ್ಟ್ ಇದೆ ಅಂತ ಹಿಂದೆ ಹೇಳಿದ್ದೆ. ಅಷ್ಟು ಹೊತ್ತು ಏನು ಮಾಡುತ್ತೀ? ಕ್ಯಾಂಟೀನಿನಲ್ಲಿ ಕೂತು ಪರಮೇಶ್ವರಪ್ಪನ ಬಸ್ಸನ್ನು ನೋಡುತ್ತಾ ಟೀ ಕುಡಿಯುತ್ತೀ, ಸರಿಯಾ? ಆ ಹೊತ್ತಿಗೆ ಮೈ ದಣಿಯುವ ಕೆಲಸ ಏನಾದರೂ ಹಚ್ಚಿಕೋ. ಕೊಪ್ಪ ಹೈಸ್ಕೂಲಿನಲ್ಲಿ ನೀನು ವಾಲಿಬಾಲ್ ಆಡುವಾಗ ನಾನು ಬೇಲಿ ಮೇಲೆ ಕೂತು ನೋಡುತ್ತಿದ್ದೆ. ಆಗ ನಿನಗೆ ಸಿಟ್ಟು ಬಂದದ್ದು ನೆನಪಿಲ್ಲ. ಡಾಕ್ಟರನ್ನು ಕೇಳಿಯೇ ಶುರು ಮಾಡು, ಮೊದಲು ಹದಿನೈದು ದಿನ ನಡಿಗೆ ಮಾತ್ರ.

ಇಲ್ಲಿ ಎಲ್ಲ ಮಾಮೂಲು. ಡ್ಯೂಟಿಗೆ ಕರೆಯುತ್ತಿದ್ದಾರೆ, ಹೋಗಬೇಕು.

ಗಂಗಾ


ಎನ್.ಆರ್.ಪುರ, ಬಸ್ಸಿನಲ್ಲೇ ಕೂತು
18 ನವೆಂಬರ್ 2004

ಗಂಗಾ, ಮಾರಾಯ್ತಿ,

ಅಕ್ಷರ ಓರೆ ಕೋರೆ ಇದ್ದರೆ ಕ್ಷಮಿಸು, ಕೈ ಇನ್ನೂ ಉರಿಯುತ್ತಿದೆ. ಈಗಷ್ಟೇ ಎರಡು ಗೇಮ್ ಆಡಿ ಬಂದೆ. ನೀರು ಕುಡಿದು, ಮುಖ ತೊಳೆದು, ಬಸ್ಸು ಹೊರಡುವುದಕ್ಕೆ ಇಪ್ಪತ್ತು ನಿಮಿಷ ಇರುವಾಗ ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳದಿದ್ದರೆ ಆಗುವುದಿಲ್ಲ ನನಗೆ.

ಡಾಕ್ಟರು ನಡಿಗೆಯಿಂದ ಶುರು ಮಾಡಿಸಿದರು. ಹಾಲ್ಟಿನಲ್ಲಿ ದಿನಾ ನಡೆಯುತ್ತಾ ಹೋದೆ. ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಬ್ಬರು ದಿನಾ ಗೇಟಿನಲ್ಲಿ ನಿಂತಿರುತ್ತಿದ್ದರು. ನಾಲ್ಕನೇ ದಿನ ಅವರೇ ಕರೆದು, ಬಸ್ಸು ಬಿಟ್ಟು ಎಲ್ಲಿಗೆ ಓಡುತ್ತೀರಿ ಅಂತ ಕೇಳಿದರು. ವೆಂಕಟಯ್ಯ ಅಂತ, ರಿಟೈರಾದ ಡ್ರಿಲ್ ಮಾಸ್ಟರು. ವಾಲಿಬಾಲ್ ಮಾತು ತೆಗೆದದ್ದೇ ತಡ, ಒಳಗೆ ಹೋಗಿ ಅಟ್ಟದಿಂದ ಹಳೆಯ ನೆಟ್ ಇಳಿಸಿಕೊಂಡು ಬಂದರು. ಇಲಿ ಕಡಿದ ಜಾಗವನ್ನೆಲ್ಲ ಅವರೇ ಕೂತು ಹೆಣೆದರು. ಮಳೆ ನಿಂತಿತ್ತು. ಅವರ ಮನೆಯ ಎದುರಿನ ಖಾಲಿ ಜಾಗದಲ್ಲಿ ಹುಲ್ಲು ಕೆತ್ತಿ, ಬೂದಿಯಲ್ಲಿ ಗೆರೆ ಎಳೆದೆವು.

ಹಾಲ್ಟ್ ಇರುವ ಡ್ರೈವರ್, ಕಂಡಕ್ಟರುಗಳೇ ಆಟಗಾರರು. ಐದು ಜನ ಸಿಕ್ಕಿದರು. ಆರನೆಯವನು ಇಲ್ಲ. ಪರಮೇಶ್ವರಪ್ಪ ಮೂರು ದಿನ ಗೋಡೆಗೆ ಒರಗಿ ನೋಡುತ್ತಾ ನಿಂತಿದ್ದ. ನನಗೆ ಅವನನ್ನು ಕರೆಯಲು ಬಾಯಿ ಬರಲಿಲ್ಲ. ವೆಂಕಟಯ್ಯ ಮೇಷ್ಟ್ರಿಗೆ ನಮ್ಮ ಜಗಳ ಗೊತ್ತಿರಲಿಲ್ಲ. ಏನಪ್ಪಾ, ನಿನಗೆ ಕೈ ಇಲ್ಲವಾ ಅಂತ ಗದರಿಸಿ ಒಳಗೆ ಎಳೆದರು. ನನ್ನ ಪಕ್ಕದಲ್ಲೇ ನಿಲ್ಲಿಸಿದರು.

ಅವನು ಬಾಲ್ ಎತ್ತಿ ಕೊಡುವುದನ್ನು ನೀನು ನೋಡಬೇಕು ಗಂಗಾ. ಹೂವು ಎಸೆದ ಹಾಗೆ, ನಾನು ಹಾರಿದರೆ ಅಲ್ಲೇ ಇರುತ್ತದೆ. ಮೊದಲ ವಾರ ನಮ್ಮಿಬ್ಬರ ನಡುವೆ ಬರೀ ಕೈಸನ್ನೆ. ಎಂಟನೇ ದಿನ ಅವನು ನೀರಿನ ಬಾಟಲಿ ಕೊಟ್ಟು, ಆ ಹುಡುಗಿ ಹೇಗಿದ್ದಾಳೆ ಅಂತ ಕೇಳಿದ. ತಾನೂ ಅವತ್ತು ಜಾಗ ಕೊಡಬಹುದಿತ್ತು ಅಂದ. ನಾನು ಕಾಲರ್ ಹಿಡಿದದ್ದು ತಪ್ಪಾಯಿತು ಅಂದೆ. ಅಷ್ಟರಲ್ಲಿ ಮೇಷ್ಟ್ರು ಸೀಟಿ ಊದಿದರು, ಆಟ ಶುರುವಾಯಿತು.

ಈಗ ಶೆಟ್ಟಿಕೊಪ್ಪದಲ್ಲಿ ಅವನ ಬಸ್ಸು ಕಂಡರೆ ನಾನು ಕೈ ಎತ್ತುತ್ತೇನೆ, ಅವನು ಹಾರ್ನ್ ಹೊಡೆಯುತ್ತಾನೆ. ಒಂದು ದಿನ ಅವನು ಮುಂದೆ, ಒಂದು ದಿನ ನಾನು. ಬಿ.ಪಿ. ನೂರಾ ಐವತ್ತಕ್ಕೆ ಇಳಿದಿದೆ. ಟೀ ಮೂರು, ಸುಳ್ಳು ಹೇಳುವುದಿಲ್ಲ.

ನಿನ್ನ ವಿಷಯ ನೀನು ಏನೂ ಬರೆಯುವುದಿಲ್ಲ. ಗುರುಕಿರಣ ಬೆಲ್ ಹೊಡೆದ, ಹೊರಟೆ.

ವಾಸಪ್ಪ


ಕೊಪ್ಪ
14 ಡಿಸೆಂಬರ್ 2004

ಗಂಗಾ,

ನಾನು ಬರೆದು ನಾಲ್ಕು ವಾರ ಆಯಿತು, ನಿನ್ನ ಕಾಗದ ಇಲ್ಲ. ಫೋನ್ ಮಾಡಿದರೆ ನೀನು ಡ್ಯೂಟಿಯಲ್ಲಿದ್ದೀ ಅನ್ನುತ್ತಾರೆ. ಯಾವಾಗ ಮಾಡಿದರೂ ಡ್ಯೂಟಿಯಲ್ಲೇ ಇದ್ದೀ. ನನಗೆ ಅರ್ಥ ಆಯಿತು ಬಿಡು. ಟ್ರಾನ್ಸ್‌ಫರ್ ಆಗಿದೆ, ಹೇಳದೆ ಕೇಳದೆ ಬಂದು ಬಾಗಿಲು ತಟ್ಟಬೇಕು ಅಂತ ಇದ್ದೀ. ತುಂಗಮ್ಮನಿಗೆ ಹೇಳಿ ಪಕ್ಕದ ಕೋಣೆ ಖಾಲಿ ಮಾಡಿಸಿದ್ದೇನೆ. ಮಕ್ಕಳಿಗೂ ಹೇಳಿಬಿಟ್ಟಿದ್ದೇನೆ, ಅತ್ತೆ ಬರುತ್ತಾಳೆ ಅಂತ ಕುಣಿಯುತ್ತಿದ್ದಾರೆ.

ಇಲ್ಲಿಯ ಸುದ್ದಿ ಕೇಳು. ಜನವರಿ ಒಂಬತ್ತಕ್ಕೆ ಕೊಪ್ಪದಲ್ಲಿ ಟೂರ್ನಮೆಂಟ್. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರು ತಾಲೂಕಿನ ಟೀಮುಗಳು. ನಾವೂ ಹೆಸರು ಕೊಟ್ಟಿದ್ದೇವೆ. ನಮ್ಮ ಟೀಮಿನ ಸರಾಸರಿ ವಯಸ್ಸು ನಲವತ್ತು, ಮೂರು ಜನಕ್ಕೆ ಹೊಟ್ಟೆ ಇದೆ. ಆದರೂ ನಿದ್ದೆಯಲ್ಲಿ ಸರ್ವಿಸ್ ಮಾಡುತ್ತೇನೆ ಅಂತ ತುಂಗಮ್ಮ ಬೈಯುತ್ತಾಳೆ.

ಅವಳಿಗೆ ನಾನು ಆಡುವುದರ ಮೇಲೆ ನಂಬಿಕೆಯೇ ಇರಲಿಲ್ಲ. ಮಧ್ಯಾಹ್ನ ಇಷ್ಟು ಖುಷಿಯಾಗಿ ಎಲ್ಲಿಗೆ ಹೋಗುತ್ತಾನೆ ಅಂತ ಅನುಮಾನ. ಹೋದ ವಾರ ನನ್ನ ಬಸ್ಸು ಬಿಟ್ಟು ಬೇರೆ ಬಸ್ಸಿನಲ್ಲಿ ಎನ್.ಆರ್.ಪುರಕ್ಕೆ ಬಂದು, ಸೀದಾ ಅಂಕಣದ ಬದಿಗೆ ಬಂದು ನಿಂತಳು. ನಾನು ಅವಳನ್ನು ನೋಡಿ ಬಾಲ್ ಬಿಟ್ಟೆ. ಮೇಷ್ಟ್ರು ನನ್ನನ್ನು ಬೈದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ಎಷ್ಟು ಅಂತ. ಮದುವೆಯಾದ ಹೊಸತರಲ್ಲಿ ಹಾಗೆ ನಗುತ್ತಿದ್ದಳು.

ಬೇಗ ಬಾ. ಮ್ಯಾಚಿಗೆ ನೀನು ಇರಬೇಕು.

ವಾಸಪ್ಪ


ಬೀದರ್
24 ಡಿಸೆಂಬರ್ 2004

ಅಣ್ಣಾ,

ಟ್ರಾನ್ಸ್‌ಫರ್ ಆಗಿಲ್ಲ. ಮಕ್ಕಳಿಗೆ ಹೇಳಿಬಿಡು.

ನಿನ್ನ ವಾಲಿಬಾಲ್ ಕಾಗದ ಬಂದಾಗ ಎರಡು ಸಲ ಓದಿದೆ. ನಿನ್ನ ಸಂತೋಷ ನೋಡಿ ಸಂತೋಷ ಆಗಬೇಕಿತ್ತು. ಆಗಲಿಲ್ಲ, ಅಳು ಬಂತು. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ.

ರಜೆಯಲ್ಲಿರುವ ಇಬ್ಬರ ಡ್ಯೂಟಿಯನ್ನೂ ನಾನೇ ಹೊತ್ತುಕೊಂಡಿದ್ದೇನೆ. ಯಾರೂ ಬಲವಂತ ಮಾಡಲಿಲ್ಲ. ಮೊದಲ ದಿನ ಕೇಳಿದರು, ಆಯಿತು ಅಂದೆ. ಆಮೇಲೆ ಎಲ್ಲರೂ ನನ್ನನ್ನೇ ಕೇಳುತ್ತಾರೆ, ನಾನು ಎಲ್ಲದಕ್ಕೂ ಆಯಿತು ಅನ್ನುತ್ತೇನೆ. ಹನ್ನೊಂದು ವಾರದಿಂದ ವಾರದ ರಜೆ ತಗೊಂಡಿಲ್ಲ. ಊಟ ಸಿಕ್ಕಾಗ ಸಿಕ್ಕಿತು. ಹಾಸಿಗೆಗೆ ಬಿದ್ದರೂ ನಿದ್ದೆ ಬರುವುದಿಲ್ಲ, ಕಿವಿಯಲ್ಲಿ ವಾರ್ಡಿನ ಬೆಲ್ ಕೇಳುತ್ತಲೇ ಇರುತ್ತದೆ.

ಹೋದ ಮಂಗಳವಾರ ಒಂದು ಮಗುವಿಗೆ ಡ್ರಿಪ್ ಹಾಕಬೇಕಿತ್ತು. ಮೂರು ಸಲ ಚುಚ್ಚಿದೆ, ನರ ಸಿಗಲಿಲ್ಲ. ಆ ಮಗುವಿನ ತಾಯಿ ಬೈಯಲಿಲ್ಲ. ನನ್ನ ಕೈ ಹಿಡಿದು, "ಅಕ್ಕಾ, ನೀವು ಊಟ ಮಾಡೀರೇನು?" ಅಂತ ಕೇಳಿದಳು. ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಉಸಿರು ಬಿಡು, ಟೀ ಬಿಡು, ನಡೆ, ಮನಸ್ಸಿನಲ್ಲಿದ್ದದ್ದನ್ನು ಹೇಳಿಕೋ ಅಂತ ನಿನಗೆ ಬರೆದೆನಲ್ಲ. ಅದರಲ್ಲಿ ಒಂದನ್ನೂ ನಾನು ಮಾಡುವುದಿಲ್ಲ ಅಣ್ಣಾ. ರಾಜೀನಾಮೆ ಬರೆದು ಡ್ರಾಯರಿನಲ್ಲಿ ಇಟ್ಟಿದ್ದೇನೆ. ಬರುವ ತಿಂಗಳ ಮೊದಲನೇ ಸೋಮವಾರ ಕೊಡಬೇಕು ಅಂತಿದ್ದೇನೆ.

ನೀನು ಬರುವುದೇನೂ ಬೇಡ. ಮ್ಯಾಚ್ ಆಡು.

ಗಂಗಾ


ಬೀದರ್
4 ಜನವರಿ 2005

ಅಣ್ಣಾ,

ನೀನು ಈಗ ಊರಿನ ದಾರಿಯಲ್ಲಿ ಶಿವಮೊಗ್ಗ ದಾಟಿರಬೇಕು. ನಿನ್ನೆ ಬೆಳಗ್ಗೆ ನೀನು ಇಲ್ಲಿಂದ ಬಸ್ಸು ಹತ್ತಿ ಹೊರಟ ಮೇಲೆ ನಡೆದದ್ದನ್ನು ನೀನು ಮನೆ ಸೇರಿದ ಕೂಡಲೇ ಓದಬೇಕು ಅಂತ ಈಗಲೇ ಬರೆಯುತ್ತಿದ್ದೇನೆ.

ಮೊದಲು ಇದು. ಬರುವುದು ಬೇಡ ಅಂದರೂ ಎರಡು ದಿನ ಬಸ್ಸಿನಲ್ಲಿ ಕೂತು ಬಂದೆಯಲ್ಲ, ಬಂದವನು ಒಂದು ಬುದ್ಧಿಮಾತನ್ನೂ ಹೇಳಲಿಲ್ಲ. ಅಕ್ಕಿ ರೊಟ್ಟಿ ತಟ್ಟಿದೆ, ಚಟ್ನಿ ಅರೆದೆ, ನಾನು ತಿನ್ನುವವರೆಗೆ ಎದುರಿಗೆ ಕೂತೆ. ನಾನು ಹದಿನಾಲ್ಕು ಗಂಟೆ ಮಲಗಿದ್ದೆ. ಎದ್ದಾಗ ನೀನು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು, ಕರೆಯಲು ಬಂದವರಿಗೆಲ್ಲ ಸಿಸ್ಟರ್ ಮಲಗಿದ್ದಾರೆ ಅಂತ ಹೇಳಿ ಕಳಿಸುತ್ತಿದ್ದೆ. ರಾಜೀನಾಮೆ ಕೊಡಬೇಡ ಅಂತ ನೀನು ಹೇಳುತ್ತೀ ಅಂದುಕೊಂಡಿದ್ದೆ. ನೀನು ಹೇಳಿದ್ದು ಒಂದೇ ಮಾತು. "ಕೊಡುವುದಾದರೆ ಕೊಡು ಗಂಗಾ. ಆದರೆ ಒಂದು ಸಲ ಆಗುವುದಿಲ್ಲ ಅಂತ ಹೇಳಿ ನೋಡಿ ಆಮೇಲೆ ಕೊಡು."

ನಿನ್ನನ್ನು ಕಳಿಸಿ ಸೀದಾ ಮೇಟ್ರನ್ ಕೋಣೆಗೆ ಹೋದೆ. ಬಾಗಿಲ ಹೊರಗೆ ನಿಂತು ಐದು ಸಲ ಉಸಿರು ಬಿಟ್ಟೆ, ನಗಬೇಡ. ಒಳಗೆ ಹೋಗಿ, ಮೂರು ಜನರ ಡ್ಯೂಟಿ ನನ್ನಿಂದ ಆಗುವುದಿಲ್ಲ, ವಾರಕ್ಕೊಂದು ದಿನ ರಜೆ ಬೇಕು, ಇಷ್ಟು ದಿನ ಹೇಳದೆ ಇದ್ದದ್ದು ನನ್ನ ತಪ್ಪು ಅಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನೀವು ಯಾವತ್ತೂ ಹೇಳಲಿಲ್ಲ, ನಿಮಗೆ ಆಗುತ್ತದೆ ಅಂತಲೇ ತಿಳಿದಿದ್ದೆ ಅಂದರು. ಡ್ಯೂಟಿ ಪಟ್ಟಿ ತೆಗೆದು ನನ್ನ ಎದುರಿಗೇ ಹೊಸದಾಗಿ ಬರೆದರು. ನಾಲ್ಕು ಜನರ ನಡುವೆ ಹಂಚಿದರು. ಹತ್ತು ನಿಮಿಷದ ಕೆಲಸ. ಹನ್ನೊಂದು ವಾರ ನಾನು ಆ ಹತ್ತು ನಿಮಿಷಕ್ಕೆ ಹೆದರಿಕೊಂಡು ಕೂತಿದ್ದೆ.

ಹೊರಗೆ ಬಂದಾಗ ಓಡಬೇಕು ಅನ್ನಿಸಿತು. ಸಾಯಂಕಾಲ ನಾನೇ ಹೊರಗೆ ಹೋಗಿ ಊಟ ಮಾಡಿದೆ, ಎರಡು ಜೋಳದ ರೊಟ್ಟಿ.

ಅತ್ತಿಗೆ ಫೋನ್ ಮಾಡಿದ್ದರು. ನಿನ್ನ ರಜೆಯ ವಿಷಯವನ್ನು ನೀನು ನನಗೆ ಪೂರ್ತಿ ಹೇಳಿಯೇ ಇಲ್ಲ. ಪುಟ್ಟಪ್ಪನವರು ಬದಲಿ ಡ್ರೈವರ್ ಇಲ್ಲ ಅಂದರಂತೆ. ಆಗ ಪರಮೇಶ್ವರಪ್ಪ ತನ್ನ ರಜೆ ಹಾಕಿ, ಐದು ದಿನ ನಿನ್ನ ಬಸ್ಸು ಓಡಿಸಲು ನಿಂತನಂತೆ. ಅವನಿಗೆ ನನ್ನ ನಮಸ್ಕಾರ ಹೇಳು.

ಗಂಗಾ


ಕೊಪ್ಪ
10 ಜನವರಿ 2005

ಗಂಗಾ,

ನಿನ್ನ ಕಾಗದ ಶನಿವಾರ ಬಂತು. ಮ್ಯಾಚಿನ ಹಿಂದಿನ ದಿನ. ಅದನ್ನು ಓದಿ ಎಷ್ಟು ಹುಮ್ಮಸ್ಸು ಬಂತು ಅಂದರೆ, ಅಂಗಳದಲ್ಲಿ ಒಬ್ಬನೇ ಹಾರಿ ಹಾರಿ ಬಾಲ್ ಹೊಡೆದೆ. ನಿತೀಶ ಒಳಗೆ ಓಡಿ ಹೋಗಿ ಅಪ್ಪನಿಗೆ ಏನೋ ಆಗಿದೆ ಅಂದ.

ನಿನ್ನೆಯ ಕಥೆ ಕೇಳು. ಬೆಳಗ್ಗೆ ಎಂಟಕ್ಕೇ ಮೈದಾನ ತುಂಬಿತ್ತು. ಮೊದಲ ಮ್ಯಾಚಿನಲ್ಲಿ ಶೃಂಗೇರಿಯ ಕಾಲೇಜು ಹುಡುಗರು. ನಮ್ಮನ್ನು ನೋಡಿ ನಕ್ಕರು. ಹುಡುಗರು ಜೋರಾಗಿ ಹೊಡೆಯುತ್ತಾರೆ, ಆದರೆ ಎಲ್ಲಿಗೆ ಅಂತ ನೋಡುವುದಿಲ್ಲ. ಗೆದ್ದೆವು. ಸೆಮಿಫೈನಲ್ ನಮ್ಮ ಕೊಪ್ಪದ್ದೇ ಒಂದು ಟೀಮಿನ ಮೇಲೆ. ಒಂದೊಂದು ಗೇಮ್ ಇಬ್ಬರಿಗೂ ಆಯಿತು. ಕೊನೆಯ ಗೇಮಿನಲ್ಲಿ ಹದಿಮೂರಕ್ಕೆ ಹದಿಮೂರು.

ಆಗ ನಾನು ಹೊಡೆದ ಬಾಲ್ ಗೆರೆಯ ಮೇಲೆ ಬಿತ್ತು. ಬೂದಿ ಎದ್ದದ್ದನ್ನು ನಾನೇ ನೋಡಿದೆ. ಅಂಪೈರ್ ಔಟ್ ಕೊಟ್ಟರು. ಮೈದಾನವೆಲ್ಲ ನನ್ನ ಕಡೆ ತಿರುಗಿತು ಗಂಗಾ. ವಾಸಪ್ಪ ಈಗ ಅಂಪೈರಿನ ಕಾಲರ್ ಹಿಡಿಯುತ್ತಾನೆ ಅಂತ ಎಲ್ಲರೂ ಕಾಯುತ್ತಿದ್ದಾರೆ. ನಮ್ಮ ಪುಟ್ಟಪ್ಪನವರು ಕುರ್ಚಿಯಿಂದ ಎದ್ದೇ ಬಿಟ್ಟರು. ನನ್ನ ದವಡೆ ಬಿಗಿಯಿತು, ಗೊತ್ತಾಯಿತು ನನಗೆ. ಉಸಿರು ಬಿಟ್ಟೆ. ಒಂದು, ಎರಡು. ಮೂರನೆಯದಕ್ಕೆ ಪರಮೇಶ ಬಂದು ಹೆಗಲ ಮೇಲೆ ಕೈ ಇಟ್ಟು, "ಬಿಡು ಮಾರಾಯ, ಇನ್ನೊಂದು ಎತ್ತಿ ಕೊಡ್ತೀನಿ" ಅಂದ.

ಕೊಟ್ಟ. ಹೊಡೆದೆ. ಆಮೇಲೆ ಇನ್ನೆರಡು ಪಾಯಿಂಟ್, ಗೆದ್ದೇಬಿಟ್ಟೆವು. ಮೇಷ್ಟ್ರು ಸೀಟಿಯನ್ನು ಬಾಯಿಂದ ತೆಗೆಯುವುದನ್ನೇ ಮರೆತು ಊದುತ್ತಾ ಓಡಿ ಬಂದರು.

ಫೈನಲ್ ಸೋತೆವು, ನೇರ ಎರಡು ಗೇಮು. ಯಾರಿಗೂ ಕಾಲೇ ಎತ್ತಲಾಗುತ್ತಿರಲಿಲ್ಲ. ಆದರೂ ಎರಡನೇ ಬಹುಮಾನದ ಕಪ್ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ಮೆರವಣಿಗೆ ಬಂದೆವು. ಕಪ್ಪನ್ನು ಯಾರ ಬಸ್ಸಿನಲ್ಲಿ ಇಡುವುದು ಅಂತ ಮಾತು ಬಂತು. ವಾರಕ್ಕೊಂದು ಬಸ್ಸಿನಲ್ಲಿ ಅಂತ ತೀರ್ಮಾನ ಆಯಿತು.

ಬಿ.ಪಿ. ಇವತ್ತು ನೂರಾ ಮೂವತ್ತೆಂಟು, ತೊಂಬತ್ತು. ಮಾತ್ರೆ ಬಿಡುವುದಿಲ್ಲ, ನೀನು ಬರೆಯುವ ಮೊದಲೇ ಹೇಳುತ್ತಿದ್ದೇನೆ. ಡ್ರಾಯರಿನಲ್ಲಿದ್ದ ಕಾಗದ ಏನಾಯಿತು?

ವಾಸಪ್ಪ


ಬೀದರ್
30 ಜನವರಿ 2005

ಅಣ್ಣಾ,

ನಿನ್ನ ಮ್ಯಾಚಿನ ಕಾಗದವನ್ನು ವಾರ್ಡಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಹದಿಮೂರಕ್ಕೆ ಹದಿಮೂರು ಬಂದಾಗ ನಿಲ್ಲಿಸಿ, ಔಷಧಿ ಕೊಟ್ಟು ಬಂದು ಮುಂದಿನದನ್ನು ಓದಿದೆ. ಮೂರನೇ ಮಂಚದ ಅಜ್ಜ ನನಗೆ ಬೈದ.

ರಾಜೀನಾಮೆಯನ್ನು ಇನ್ನೂ ಹರಿದಿಲ್ಲ. ಅದು ಇದ್ದರೆ ಇರಲಿ. ಅದನ್ನು ಕೊಡಬೇಕು ಅಂತ ಈಗ ಅನ್ನಿಸುವುದಿಲ್ಲ, ಅಷ್ಟು ಸಾಕು. ಎಲ್ಲ ದಿನವೂ ಚೆನ್ನಾಗಿರುತ್ತದೆ ಅಂತಲ್ಲ. ಮೊನ್ನೆ ಗುರುವಾರ ಮತ್ತೆ ಒಬ್ಬರು ಡ್ಯೂಟಿ ಬದಲಾಯಿಸಲು ಕೇಳಿದರು, ಬಾಯಿಗೆ ಆಯಿತು ಅಂತ ಬಂದೇ ಬಿಟ್ಟಿತ್ತು. ನುಂಗಿಕೊಂಡೆ. ಆಗುವುದಿಲ್ಲ ಅಂದೆ. ಅವರು ಸರಿ ಅಂತ ಹೇಳಿ ಬೇರೆಯವರನ್ನು ಕೇಳಲು ಹೋದರು. ಆಕಾಶ ಬೀಳಲಿಲ್ಲ.

ಇವತ್ತು ಭಾನುವಾರ, ನನ್ನ ರಜೆ. ಬೆಳಗ್ಗೆ ಇಬ್ಬರು ಸಿಸ್ಟರ್‌ಗಳ ಜೊತೆ ಕೋಟೆಗೆ ಹೋಗಿದ್ದೆ. ಆರು ವರ್ಷದಿಂದ ಈ ಊರಿನಲ್ಲಿದ್ದೇನೆ, ಕೋಟೆಯ ಒಳಗೆ ಕಾಲಿಟ್ಟದ್ದು ಇದೇ ಮೊದಲು. ಎರಡು ಗಂಟೆ ನಡೆದೆವು. ಗೋಡೆಯ ಮೇಲೆ ಕೂತು ಕಡಲೆಕಾಯಿ ತಿಂದು, ಸಿಪ್ಪೆಯನ್ನೆಲ್ಲ ಗಾಳಿಗೆ ಬಿಟ್ಟೆವು. ರಾತ್ರಿ ನಿದ್ದೆ ಬರುತ್ತಿದೆ.

ರಜೆ ಮಂಜೂರಾಗಿದೆ, ಹತ್ತು ದಿನ. ಫೆಬ್ರವರಿ ಹನ್ನೆರಡಕ್ಕೆ ಕೊಪ್ಪದಲ್ಲಿ ಇರುತ್ತೇನೆ. ಮಕ್ಕಳಿಗೆ ಈ ಸಲ ಧೈರ್ಯವಾಗಿ ಹೇಳು.

ಒಂದು ವಿಷಯ ಇಷ್ಟು ವರ್ಷ ನಿನಗೆ ಹೇಳಿಲ್ಲ. ಪ್ರತಿ ಸಲ ಊರಿಗೆ ಬಂದಾಗ, ಶೃಂಗೇರಿಗೆ ಹೋಗಬೇಕಾದರೆ, ನಿನ್ನ ಬಸ್ಸಿನ ಹೊತ್ತಿಗೆ ನನಗೆ ಏನಾದರೂ ಕೆಲಸ ಬರುತ್ತಿತ್ತಲ್ಲ, ತಲೆ ಬಾಚಿಲ್ಲ, ಚಪ್ಪಲಿ ಕಿತ್ತಿದೆ ಅಂತ. ಯಾವ ಕೆಲಸವೂ ಇರಲಿಲ್ಲ ಅಣ್ಣಾ. ನೀನು ಬಸ್ಸು ಓಡಿಸುವುದನ್ನು ನೋಡಿ ನನಗೆ ಜೀವ ಹೋಗುವಷ್ಟು ಹೆದರಿಕೆ. ನಿನ್ನ ಬಸ್ಸು ಬಿಟ್ಟು ಅದರ ಹಿಂದೆ ಬರುವ ಬಸ್ಸಿಗೆ ಹೋಗುತ್ತಿದ್ದೆ. ಅತ್ತಿಗೆಗೂ ಗೊತ್ತು. ಹದಿನಾಲ್ಕು ವರ್ಷದಲ್ಲಿ ನಿನ್ನ ಬಸ್ಸಿನಲ್ಲಿ ನಾನು ಒಂದು ದಿನವೂ ಕೂತಿಲ್ಲ.

ಈ ಸಲ ಶೃಂಗೇರಿಗೆ ನಿನ್ನ ಜೊತೆಯೇ ಬರುತ್ತೇನೆ. ನಿನ್ನ ಹಿಂದಿನ ಮೊದಲ ಸೀಟು ನನಗೆ ಇಡು, ಕಿಟಕಿಯ ಪಕ್ಕದ್ದು. ಬೆಳಗ್ಗೆ ಎಷ್ಟು ಗಂಟೆಗೆ ಹೊರಡುತ್ತದೆ ಅಂತ ಬರೆ.

ಗಂಗಾ